ಒದ್ದೆ ತಟ್ಟೆ ಬಿಸಿಯಾಗಿದೆಯೇ? ಡಿಶ್‌ವಾಷರ್ ಒಣಗಿಸದಿದ್ದಾಗ ನಾನು ಮೊದಲು ಕೇಳುವುದು

ಕಾರವಾರದಲ್ಲಿ ಮಳೆ ಹಿಡಿದ ಮೇಲೆ ನನಗೆ ಬರುವ ದೂರುಗಳ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಫ್ರಿಜ್, ಏಸಿ ಎನ್ನುತ್ತಿದ್ದವರು ಜೂನ್‌ನಲ್ಲಿ “ಡಿಶ್‌ವಾಷರ್ ಪಾತ್ರೆ ಒಣಗಿಸುತ್ತಿಲ್ಲ, ಹೀಟರ್ ಸುಟ್ಟಿರಬೇಕು, ಹೊಸದು ತನ್ನಿ” ಎನ್ನುತ್ತಾರೆ. ಹೀಟರ್ ತರುವ ಮೊದಲು ಫೋನಿನಲ್ಲೇ ಒಂದು ಕೆಲಸ ಹೇಳುತ್ತೇನೆ. “ಅಕ್ಕಾ, ಕೊನೆಯ ಬಿಸಿನೀರು ಹೊರಹೋದ ಕೂಡಲೇ ಹಬೆ ಮುಖಕ್ಕೆ ಬಡಿಯದಂತೆ ಬಾಗಿಲು ನಿಧಾನವಾಗಿ ತೆರೆಯಿರಿ. ಒಂದು ಪಿಂಗಾಣಿ ತಟ್ಟೆ ಮುಟ್ಟಿ ನೋಡಿ. ಒದ್ದೆಯಿದ್ದರೆ ಇರಲಿ, ಬಿಸಿಯಿದೆಯೇ?”

ಒದ್ದೆಯಾಗಿ ಬಿಸಿಯಿದ್ದರೆ ಹೀಟರ್ ತನ್ನ ಕೆಲಸ ಮಾಡಿದೆ. ಒದ್ದೆಯಾಗಿ ತಣ್ಣಗಿದ್ದರೆ ಮಾತ್ರ ನಾನು ಮೀಟರ್ ಹಿಡಿದು ಹೊರಡಬೇಕು. ಈ ಎರಡನ್ನು ಬೇರ್ಪಡಿಸದೆ ಬಿಡಿಭಾಗ ಬದಲಿಸುವುದು ನಮ್ಮ ಕಸುಬಿಗೆ ಒಪ್ಪುವ ನಡೆಯಲ್ಲ. ಗ್ರಾಹಕರ ಹಣ ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಯಂತ್ರ ಒಣಗಿಸುವ ಬಗೆ ತಿಳಿದರೆ ಇದು ಅರ್ಥವಾಗುತ್ತದೆ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಯಂತ್ರಗಳಲ್ಲಿ ಒಣಗಿಸುವ ಹೊತ್ತಿನಲ್ಲಿ ಹೀಟರ್ ಉರಿಯುವುದೇ ಇಲ್ಲ. ಕೊನೆಯ ಜಾಲಿಸುವ ನೀರನ್ನು 60–70 ಡಿಗ್ರಿಗೆ ಕಾಯಿಸಿ ಪಾತ್ರೆಗಳ ಮೇಲೆ ಹಾಯಿಸುತ್ತದೆ. ಕಾದ ಪಾತ್ರೆಯಿಂದ ನೀರು ಆವಿಯಾಗಿ, ತಣ್ಣಗಿರುವ ಸ್ಟೀಲ್ ಗೋಡೆಗೆ ತಗಲಿ, ಹನಿಯಾಗಿ ಕೆಳಗಿಳಿಯುತ್ತದೆ. ಅಂದರೆ ಒಣಗಿಸುವ ಶಾಖವೆಲ್ಲ ಪಾತ್ರೆಯೊಳಗೇ ಕೂಡಿಟ್ಟದ್ದು. ಪಿಂಗಾಣಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್ ಡಬ್ಬಿ ಹಿಡಿದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಟಿಫಿನ್ ಡಬ್ಬಿಯ ಮುಚ್ಚಳ ಒದ್ದೆಯಿದೆ ಎಂಬ ದೂರಿಗೆ ಯಾವ ರಿಪೇರಿಯೂ ಇಲ್ಲ.

ಇಂಟರ್‌ನೆಟ್‌ನಲ್ಲಿ ಸಿಗುವ ಬಹಳಷ್ಟು ವಿಡಿಯೊಗಳು ಅಮೆರಿಕದ ಯಂತ್ರಗಳವು. ಅಲ್ಲಿ ತೊಟ್ಟಿಯ ತಳದಲ್ಲಿ ಕಣ್ಣಿಗೆ ಕಾಣುವಂತೆ ಹೀಟರ್ ಸುರುಳಿ ಇರುತ್ತದೆ, ಒಣಗಿಸುವಾಗಲೂ ಅದು ಕಾಯುತ್ತದೆ, ವಿದ್ಯುತ್ 120 ವೋಲ್ಟ್. ಅದನ್ನು ನೋಡಿ ಬಂದ ಹುಡುಗರು ಇಲ್ಲಿ ಸುರುಳಿ ಹುಡುಕುತ್ತಾರೆ. ನಮ್ಮ ಯಂತ್ರಗಳಲ್ಲಿ ಹೀಟರ್ ಕೆಳಗಡೆ, ನೀರು ತಿರುಗಿಸುವ ಪಂಪಿನ ಜೊತೆಗೇ ಅಡಗಿರುತ್ತದೆ. ಓಮ್ ಲೆಕ್ಕ, ಅಂದರೆ ಕರೆಂಟಿಗೆ ಹೀಟರ್ ಒಡ್ಡುವ ತಡೆಯ ಲೆಕ್ಕವೂ ಬೇರೆ. 230 ವೋಲ್ಟಿನಲ್ಲಿ 1,800ರಿಂದ 2,000 ವ್ಯಾಟ್‌ನ ಹೀಟರ್ ಎಂದರೆ 26ರಿಂದ 30 ಓಮ್ ತೋರಿಸಬೇಕು. ವಿಡಿಯೊದಲ್ಲಿ 16 ಓಮ್ ಸರಿ ಎಂದರೆ ಅದು ಆ ಯಂತ್ರಕ್ಕೆ ಸರಿ.

ತಟ್ಟೆ ಬಿಸಿಯಿದ್ದೂ ಒದ್ದೆಯಿರುವ ಮನೆಗಳಲ್ಲಿ ನಾನು ನೋಡುವುದು ಸಣ್ಣ ಸಂಗತಿಗಳನ್ನು. ಬಾಗಿಲಲ್ಲಿರುವ ರಿನ್ಸ್ ಏಡ್ ಖಾನೆ ಖಾಲಿಯಿರುತ್ತದೆ. ಆ ದ್ರವ ಇಲ್ಲದಿದ್ದರೆ ನೀರು ಪರದೆಯಂತೆ ಜಾರಿಹೋಗದೆ ಹನಿಯಾಗಿ ಅಂಟಿಕೊಳ್ಳುತ್ತದೆ. ಅವಸರದ ಪ್ರೋಗ್ರಾಂ ಹಾಕಿರುತ್ತಾರೆ, ಅನೇಕ ಮಾದರಿಗಳಲ್ಲಿ ಅದಕ್ಕೆ ಒಣಗಿಸುವ ಹಂತವೇ ಇಲ್ಲ. ಮೇಲಿನ ತಟ್ಟೆಸಾಲನ್ನು ಮೊದಲು ಎಳೆದು ಅದರ ನೀರನ್ನೆಲ್ಲ ಕೆಳಗಿನ ಒಣ ಪಾತ್ರೆಗಳ ಮೇಲೆ ಸುರಿಸಿರುತ್ತಾರೆ. ಉಪ್ಪಿನ ಖಾನೆಗೆ ಮನೆಯಲ್ಲಿದ್ದ ಸಾಣಿಕಟ್ಟಾ ಉಪ್ಪು ಹಾಕಿದವರಿದ್ದಾರೆ. ಊಟಕ್ಕೆ ಆ ಉಪ್ಪಿನ ರುಚಿ ಬೇರೆಯೇ, ನಮ್ಮ ಮನೆಯಲ್ಲೂ ಅದೇ. ಆದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರು ಮೆದುಗೊಳಿಸುವ ಭಾಗಕ್ಕೆ ಬೇಡ. ಗಡಸು ನೀರನ್ನು ಮೆದು ಮಾಡಲೆಂದೇ ಇರುವ ಭಾಗ ಅದು. ಮಳೆಗಾಲದಲ್ಲಿ ಇಡೀ ಅಡುಗೆಮನೆಯ ಗಾಳಿಯೇ ತೇವದಿಂದ ತುಂಬಿರುವುದರಿಂದ, ಪ್ರೋಗ್ರಾಂ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಬಾಗಿಲನ್ನು ಒಂದು ಗೇಣು ತೆರೆದಿಡಿ ಎನ್ನುತ್ತೇನೆ. ಅಷ್ಟಕ್ಕೇ ಮುಗಿಯುವ ದೂರುಗಳು ಬಹಳ.

ಇನ್ನು ತಣ್ಣಗಿನ ತಟ್ಟೆ. ಇಲ್ಲಿಯೂ ಸ್ಕ್ರೂ ಬಿಚ್ಚುವ ಮೊದಲು ಕ್ಲಾಂಪ್ ಮೀಟರ್, ಅಂದರೆ ಒಂದು ತಂತಿಯ ಸುತ್ತ ಹಿಡಿದರೆ ಅದರಲ್ಲಿ ಹರಿಯುವ ಕರೆಂಟ್ ತೋರಿಸುವ ಮೀಟರ್. ಮೂರೂ ತಂತಿಗಳನ್ನು ಬೇರೆ ಬೇರೆಯಾಗಿ ಬಿಡಿಸಿ, ಒಳ್ಳೆಯ ಹೊದಿಕೆಯೊಡನೆ ಮಾಡಿಕೊಂಡ ಚಿಕ್ಕ 16 ಆಂಪಿಯರ್ ಎಕ್ಸ್‌ಟೆನ್ಶನ್ ನನ್ನ ಚೀಲದಲ್ಲಿರುತ್ತದೆ. ಯಂತ್ರವನ್ನು ಅದಕ್ಕೆ ಸಿಕ್ಕಿಸಿ, ಒಂದು ತಂತಿಗೆ ಕ್ಲಾಂಪ್ ಹಾಕಿ ಕಾಯುತ್ತೇನೆ. ಬರೀ ಪಂಪ್ ಓಡುವಾಗ ಒಂದು ಆಂಪಿಯರಿಗಿಂತ ಕಡಿಮೆ. ಹೀಟರ್ ಹಿಡಿದ ಕೂಡಲೇ ಅದು 8–9 ಆಂಪಿಯರಿಗೆ ಏರಬೇಕು. ಏರಲೇ ಇಲ್ಲವೆಂದರೆ ದೋಷ ಹೀಟರಿನದು, ಅದನ್ನು ಹಚ್ಚಿ ಆರಿಸುವ ರಿಲೇಯದು, ಅಥವಾ ಹೀಟರಿಗೆ ಅನುಮತಿ ಕೊಡುವ ಯಾವುದೋ ಸೆನ್ಸರಿನದು. ನೀರು ಸರಿಯಾಗಿ ತಿರುಗುತ್ತಿಲ್ಲವೆಂದು ಯಂತ್ರಕ್ಕೆ ಅನ್ನಿಸಿದರೂ ಅದು ಹೀಟರ್ ಹಚ್ಚುವುದಿಲ್ಲ. ಬಂಗುಡೆಯ ಮುಳ್ಳು, ತೆಂಗಿನ ಚರಟದ ಚೂರು, ಕರಿಬೇವು ತುಂಬಿಕೊಂಡ ಫಿಲ್ಟರ್ ತೊಳೆದ ಮೇಲೆ ತಾನಾಗಿ ಕಾಯಲು ಶುರುವಾದ ಯಂತ್ರಗಳನ್ನು ಕಂಡಿದ್ದೇನೆ.

ಎಲ್ಲಕ್ಕಿಂತ ನನಗೆ ಪಾಠವಾದದ್ದು ಕೋಡಿಬಾಗದ ಕಡೆಯ, ಸಮುದ್ರಕ್ಕೆ ಮುಖ ಮಾಡಿದ ಒಂದು ಮನೆ. ನಾನು ಹೋಗುವ ಹೊತ್ತಿಗೆ ಬೇರೆಯವರು ನೋಡಿ, ಹೀಟರ್ ಹೋಗಿದೆ, ಅಲ್ಲವಾದರೆ ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಎಂದು ಎರಡಕ್ಕೂ ಬೆಲೆ ಹೇಳಿ ಹೋಗಿದ್ದರು. ತಟ್ಟೆ ಪೂರ್ತಿ ತಣ್ಣಗಿರಲಿಲ್ಲ, ಉಗುರುಬೆಚ್ಚಗಿತ್ತು. ಕ್ಲಾಂಪ್ ಹಾಕಿದರೆ ಕರೆಂಟ್ ಚೆನ್ನಾಗಿಯೇ ಏರಿತು, ಆದರೆ ಬಹಳ ಬೇಗ ಕಡಿದುಹೋಯಿತು. ಹೀಟರ್ ಸತ್ತಿದ್ದರೆ ಏರುತ್ತಲೇ ಇರಲಿಲ್ಲ. ಯಾರೋ ಅದಕ್ಕೆ “ಸಾಕು” ಎನ್ನುತ್ತಿದ್ದರು.

ಹಾಗೆ ಹೇಳುವುದು ನೀರಿನ ಬಿಸಿ ಅಳೆಯುವ ಥರ್ಮಿಸ್ಟರ್. ಆ ಮಾದರಿಯಲ್ಲಿ ಅದು 25 ಡಿಗ್ರಿಯಲ್ಲಿ 10 ಕಿಲೋಓಮ್, ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ಪ್ಲಗ್ ಕಿತ್ತು, ಯಂತ್ರವನ್ನು ಹೊರಗೆಳೆದು, ಬೋರ್ಡ್ ಕಡೆಯ ತುದಿಯಲ್ಲಿ ಅಳೆದರೆ ಸುಮಾರು 3 ಕಿಲೋಓಮ್. ನೀರು ಕೋಣೆಯಷ್ಟೇ ತಣ್ಣಗಿದ್ದರೂ ಬೋರ್ಡಿಗೆ ಅದು 55 ಡಿಗ್ರಿಯಂತೆ ಕಾಣುತ್ತಿತ್ತು. ಸೆನ್ಸರನ್ನೇ ಬದಲಿಸೋಣವೆಂದು ನನ್ನ ಜೊತೆಗಿದ್ದ ಹುಡುಗ ಕೈ ಹಾಕಿದ. “ಅಣ್ಣಾ, ಇದೇ ಅಲ್ಲವೇ ತಪ್ಪು?” ಎಂದ. ಕನೆಕ್ಟರ್ ಕಿತ್ತು ಸೆನ್ಸರನ್ನು ಮಾತ್ರ ಅಳೆಯಲು ಹೇಳಿದೆ. ಅದು 9 ಕಿಲೋಓಮಿನ ಹತ್ತಿರ, ಅಂದರೆ ಸರಿಯಾಗಿಯೇ ಇತ್ತು. ಸುಳ್ಳು ಹೇಳುತ್ತಿದ್ದುದು ನಡುವಿನ ಕನೆಕ್ಟರ್. ಉಪ್ಪುಗಾಳಿಯ ತೇವ ಎರಡು ಪಿನ್ನುಗಳ ನಡುವೆ ಹಸಿರು ಕಿಲುಬು ಕಟ್ಟಿ, ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು. ಲೆಕ್ಕ ಹಾಕಿದರೆ, ಬೋರ್ಡ್ 65 ಡಿಗ್ರಿ ಎಂದುಕೊಂಡು ನಿಲ್ಲಿಸುವ ಹೊತ್ತಿಗೆ ನೀರು ನಿಜದಲ್ಲಿ 48ರ ಆಸುಪಾಸು. ಅಷ್ಟರಲ್ಲಿ ಪಾತ್ರೆ ಒಣಗುವುದಿಲ್ಲ.

ಕನೆಕ್ಟರ್ ಬದಲಿಸಿ, ತಂತಿಯ ತುದಿ ಹೊಸದಾಗಿ ಒತ್ತಿ, ನೀರು ತಾಗದ ಗ್ರೀಸ್ ಹಚ್ಚಿ ಮುಚ್ಚಿದೆವು. ಬೋರ್ಡಿನ ಬೆಲೆಯೆಲ್ಲಿ, ಈ ಕನೆಕ್ಟರಿನ ಬೆಲೆಯೆಲ್ಲಿ! ಮನೆಯ ಹಿರಿಯಮ್ಮ ಹೊಸ ಬೋರ್ಡಿಗೆಂದು ತೆಗೆದಿಟ್ಟ ಹಣವನ್ನು ಮತ್ತೆ ಕಪಾಟಿಗೆ ಹಾಕಿದ್ದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಅಂದಿನಿಂದ ಕರಾವಳಿಯ ಯಾವ ಮನೆಯಲ್ಲೂ ಭಾಗವನ್ನು ಮಾತ್ರ ಅಳೆಯುವುದಿಲ್ಲ. ಬೋರ್ಡ್ ತುದಿಯಿಂದ ಒಮ್ಮೆ, ಭಾಗದ ತುದಿಯಿಂದ ಒಮ್ಮೆ ಅಳೆಯುತ್ತೇನೆ. ಎರಡು ಅಂಕಿ ಒಂದೇ ಆಗದಿದ್ದರೆ ದೋಷ ದಾರಿಯಲ್ಲಿದೆ.

ಹೀಟರೇ ಕೆಟ್ಟಿರುವುದೂ ಉಂಟು. ಅದರ ಗುರುತು ಬೇರೆ. ತೊಳೆಯಲು ಶುರುವಾದಾಗ ಏನೂ ಇಲ್ಲ, ನೀರು ಕಾಯಿಸುವ ಹೊತ್ತಿಗೆ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್, ಬೀಳುತ್ತದೆ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆ, ಆ ಉಪ್ಪಿನಂಶ ಹೀಟರಿನ ಸ್ಟೀಲ್ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯಬಲ್ಲದು. ಆಗ ಓಮ್ ಸರಿಯಾಗಿಯೇ ತೋರಿಸುತ್ತದೆ, ಮಲ್ಟಿಮೀಟರ್ ನಂಬಿ ಕೈಬಿಡಬಾರದು. ಎರಡೂ ತಂತಿ ಬಿಡಿಸಿ, ಹೀಟರಿನಿಂದ ಅರ್ಥಿಂಗಿಗೆ 500 ವೋಲ್ಟ್ ಮೆಗ್ಗರ್, ಅಂದರೆ ಕರೆಂಟ್ ಸೋರಿಕೆ ಹಿಡಿಯುವ ಮೀಟರ್ ಹಚ್ಚಬೇಕು. ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಆ ಹೀಟರ್ ಬೇಡ. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನೇ ತಪ್ಪಿಸಿ ನೇರ ತಂತಿ ಎಳೆದುಕೊಡಿ ಎಂದು ಕೇಳುವವರಿಗೆ ನಾನು ಖಂಡಿತವಾಗಿ ಇಲ್ಲ ಎನ್ನುತ್ತೇನೆ. 30 ಮಿಲಿಆಂಪಿಯರಿಗೆ ಬೀಳುವ ಆ ಸ್ವಿಚ್ ಒದ್ದೆ ಕೈಯಲ್ಲಿ ಪಾತ್ರೆ ತೆಗೆಯುವವರ ಜೀವ ಕಾಯುತ್ತದೆ.

ಶಿರಸಿ ಕಡೆಯ ತೋಟದ ಮನೆಗಳಿಂದ ಬರುವ ದೂರಿನಲ್ಲಿ ಉಪ್ಪಿನ ಮಾತಿಲ್ಲ, ವೋಲ್ಟೇಜಿನದು. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 2,000 ವ್ಯಾಟ್‌ನ ಹೀಟರ್ 180 ವೋಲ್ಟಿನಲ್ಲಿ 1,225 ವ್ಯಾಟ್ ಮಾತ್ರ ಕೊಡುತ್ತದೆ. ಅಂಥಲ್ಲಿ ಯಂತ್ರ ಬಿಚ್ಚುವುದಿಲ್ಲ. ಹೀಟರ್ ಹಿಡಿದಿರುವಾಗಲೇ ಪ್ಲಗ್ಗಿನ ಬಳಿ ವೋಲ್ಟೇಜ್ ಅಳೆಯುತ್ತೇನೆ, ಏಕೆಂದರೆ ಹೊರೆಯಿಲ್ಲದಾಗ 220 ತೋರಿಸುವ ತೆಳು ತಂತಿ ಹೊರೆ ಬಿದ್ದಾಗ ಕುಸಿಯುತ್ತದೆ. ಮನೆಯೊಳಗಿನ ತಂತಿ ತೆಳುವಾಗಿದ್ದರೆ ದಪ್ಪ ತಂತಿಯ ಪ್ರತ್ಯೇಕ ಸಾಲು ಎಳೆಯಬೇಕು. ಲೈನಿನಿಂದಲೇ ಕಡಿಮೆ ಬರುತ್ತಿದ್ದರೆ, ತೋಟದ ಪಂಪ್ ನಿಂತ ಮೇಲೆ, ರಾತ್ರಿ ಊಟದ ನಂತರ ಯಂತ್ರ ಹಾಕಲು ಹೇಳಿ ಬರುತ್ತೇನೆ.