ಚೆಸ್ಟರ್: ಮನೆಗಳ ನಡುವೆ ಹಾಯುವ ಬೀದಿ

ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ದಾರಿ. ರೋಮನ್ನರು ಕಟ್ಟಿದ ಊರು, ಕೋಟೆಗೋಡೆಯ ಮೇಲೆ ಊರನ್ನೇ ಸುತ್ತಬಹುದು. ನನಗೆ ಬೇಕಿದ್ದದ್ದು ಮಾತ್ರ ಪೇಟೆಬೀದಿಯ ಹಳೇ ಮನೆಗಳು. ನೂರಾರು ವರ್ಷಗಳಿಂದ ಅವುಗಳಲ್ಲಿ ವ್ಯಾಪಾರ ನಡೆಯುತ್ತಿದೆ.

ಈಸ್ಟ್‌ಗೇಟ್ ಕಮಾನಿನ ಮೇಲೆ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿನ ಗಡಿಯಾರವಿದೆ. ಅದನ್ನು ದಾಟಿದರೆ ಕಪ್ಪು ಮರ, ಬಿಳಿ ಗಾರೆಯ ಸಾಲು ಸಾಲು ಕಟ್ಟಡ. ಇವುಗಳಲ್ಲಿ ಬಹಳಷ್ಟು 19ನೇ ಶತಮಾನದಲ್ಲಿ ಹಳೇ ಶೈಲಿಯಲ್ಲಿ ಹೊಸದಾಗಿ ಕಟ್ಟಿದವು. ಆದರೆ ಒಳಗಿನ ಏರ್ಪಾಡು ತುಂಬಾ ಹಿಂದಿನದು, 13ನೇ ಶತಮಾನದ ಹೊತ್ತಿಗೇ ಶುರುವಾದದ್ದು.

ಆ ಏರ್ಪಾಡು ಹೀಗಿದೆ. ಬೀದಿಯಿಂದ ಕೆಲವು ಮೆಟ್ಟಿಲು ಇಳಿದರೆ ಕಲ್ಲಿನ ನೆಲಮಾಳಿಗೆ, ಅಲ್ಲೊಂದು ಅಂಗಡಿ. ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಜಗಲಿಯಂಥ ದಾರಿ, ಅದರ ಒಳಬದಿಗೆ ಇನ್ನೊಂದು ಸಾಲು ಅಂಗಡಿ. ದಾರಿಯ ಮೇಲೆ ಮನೆಯ ಕೋಣೆಗಳು. ಒಂದು ಮನೆಯ ದಾರಿ ಮುಗಿದಲ್ಲಿ ಪಕ್ಕದ ಮನೆಯದು ಶುರು. ಮಳೆಯಲ್ಲೂ ನೆನೆಯದೆ ನಡೀಬಹುದು. ಊರವರು ಇದನ್ನು ‘ರೋಸ್’ (Rows, ಅಂದರೆ ಸಾಲುಗಳು) ಅನ್ನುತ್ತಾರೆ. ದಾರಿಗೂ ಬೀದಿ ಕಡೆಯ ಕಟಕಟೆಗೂ ನಡುವೆ ಇಳಿಜಾರಾದ ಹಲಗೆಯ ಕಟ್ಟೆಯಿದೆ, ಹಿಂದೆ ವ್ಯಾಪಾರಿಗಳು ಸರಕು ಹರಡುತ್ತಿದ್ದ ಜಾಗ. ಮೆಟ್ಟಿಲ ಮೇಲೆ ಬೀದಿಯನ್ನೇ ಯಾಕೆ ತಂದರು? ರೋಮನ್ ಕಟ್ಟಡಗಳ ಅವಶೇಷ ರಾಶಿಬಿದ್ದು ಮನೆಗಳ ಹಿಂಬದಿಯ ನೆಲ ಎತ್ತರವಾಗಿತ್ತು, ಅದಕ್ಕೇ ಹೀಗೆ ಅನ್ನುವವರಿದ್ದಾರೆ. 1278ರ ದೊಡ್ಡ ಬೆಂಕಿಯ ಬಳಿಕ ಕಟ್ಟಿದ್ದು ಅನ್ನುವವರೂ ಇದ್ದಾರೆ.

ನಾನು ಜಾಸ್ತಿ ಹೊತ್ತು ನಿಂತದ್ದು ವಾಟರ್‌ಗೇಟ್ ಸ್ಟ್ರೀಟ್‌ನ ಬಿಷಪ್ ಲಾಯ್ಡ್ ಮನೆಯ ಮುಂದೆ. ಜಾರ್ಜ್ ಲಾಯ್ಡ್ 1605ರಿಂದ 1615ರವರೆಗೆ ಚೆಸ್ಟರ್‌ನ ಬಿಷಪ್. ಎರಡು ಹಳೇ ಮನೆ ಸೇರಿಸಿ ಮಾಡಿದ್ದು ಇದು. ಮುಂಭಾಗದ ಮರದ ತುಂಬ ಬೈಬಲ್ ಕತೆಗಳ ಕೆತ್ತನೆ: ಆಡಮ್ ಮತ್ತು ಈವ್, ಕೇನ್ ತಮ್ಮನನ್ನು ಕೊಲ್ಲುವುದು, ಮಗನನ್ನು ಬಲಿಕೊಡಲು ಹೊರಟ ಅಬ್ರಹಾಂ. ಪಕ್ಕದಲ್ಲೇ ಮೂರು ಕಾಲುಗಳ ಲಾಂಛನ! ಲಾಯ್ಡ್ ಮೊದಲು ಐಲ್ ಆಫ್ ಮ್ಯಾನ್‌ನ ಬಿಷಪ್ ಆಗಿದ್ದರು, ಅದು ಆ ದ್ವೀಪದ ಗುರುತು. ಕೆಳಗೆ ವ್ಯಾಪಾರ, ಮೇಲಿನ ಕೋಣೆಗಳಲ್ಲಿ ಇಂದಿಗೂ ಚಿತ್ತಾರದ ಗಾರೆ ಚಾವಣಿ, ದೊಡ್ಡ ಬೆಂಕಿಗೂಡು. ಇಂಥ ಮನೆಯ ಕೆಳಗೆ ಟಿಕೆಟ್ ಇಲ್ಲದೆ, ಯಾರನ್ನೂ ಕೇಳದೆ ಸುಮ್ನೆ ನಡೆದುಹೋಗಬಹುದು ಅಂದರೆ ದೊಡ್ಡ ವಿಷಯ ಅಲ್ವಾ?

ಆ ಹಕ್ಕು ಎಲ್ಲ ಕಡೆ ಉಳಿಯಲಿಲ್ಲ. ಲೋವರ್ ಬ್ರಿಡ್ಜ್ ಸ್ಟ್ರೀಟ್‌ನಲ್ಲಿ ಈಗ ಫಾಲ್ಕನ್ ಎಂಬ ಪಬ್ ಇರುವ ಕಟ್ಟಡ ಒಂದು ಕಾಲಕ್ಕೆ ಗ್ರೋವ್ನರ್ ಕುಟುಂಬದ ಮನೆ. ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ, 1643ರಲ್ಲಿ, ಸರ್ ರಿಚರ್ಡ್ ಗ್ರೋವ್ನರ್ ಮನೆ ದೊಡ್ಡದು ಮಾಡಲು ತಮ್ಮ ಪಾಲಿನ ದಾರಿಯನ್ನು ಮುಚ್ಚಲು ಅನುಮತಿ ಕೇಳಿದರು. ಸಿಕ್ಕಿತು. ಅವರನ್ನು ನೋಡಿ ಬೇರೆಯವರೂ ಮುಚ್ಚಿದರು. ಆ ಬೀದಿಯ ಬಹುಪಾಲಿನಲ್ಲಿ ಈಗ ಎಲ್ಲರಂತೆ ಫುಟ್‌ಪಾತ್‌ನಲ್ಲೇ ನಡೆಯಬೇಕು. ನನಗೆ ಬೇಜಾರಾಯಿತು. ವಾಟರ್‌ಗೇಟ್ ಸ್ಟ್ರೀಟ್‌ನ ಅಂಗಡಿಕಾರರ ಮೇಲೆ ಪ್ರೀತಿಯೂ ಹೆಚ್ಚಾಯಿತು. ಅವರ ಬಾಗಿಲಿಗೆ ಗಿರಾಕಿ ಬರಬೇಕಾದರೆ ಆ ದಾರಿ ತೆರೆದೇ ಇರಬೇಕು.