ಕೂಪನ್ ಸಮೇತ ಡೈಕ್‌ಸ್ಟ್ರಾ: ಕೆಲಸ ಎಲ್ಲಿಗೆ ಬಂತು

ಡೈಕ್‌ಸ್ಟ್ರಾ ಅಂದರೆ ಕಡಿಮೆ ಖರ್ಚಿನಲ್ಲಿ ತಲುಪುವ ಊರನ್ನೇ ಮೊದಲು ಎತ್ತಿಕೊಳ್ಳುತ್ತಾ ಅಗ್ಗದ ದಾರಿ ಹುಡುಕುವ ವಿಧಾನ. ಲೆಕ್ಕ ಇಷ್ಟು: ಒಂದು ಊರಿನಿಂದ ಗುರಿಯ ಊರಿಗೆ ಅತಿ ಕಡಿಮೆ ಟೋಲ್‌ನಲ್ಲಿ ಹೋಗಬೇಕು. ಎರಡೂ ಕಡೆಗೆ ಓಡಾಡಬಹುದಾದ ರಸ್ತೆಗಳು, ಪ್ರತಿ ರಸ್ತೆಗೂ ಟೋಲ್, ಕೈಯಲ್ಲಿ ಕೆಲವೇ ಕೂಪನ್. ಒಂದು ರಸ್ತೆಗೆ ಒಂದೇ ಕೂಪನ್. ಹಾಕಿದರೆ ಟೋಲ್ ಅರ್ಧ, ಭಿನ್ನರಾಶಿ ಬಂದರೆ ಕೆಳಗಿನ ಪೂರ್ಣಾಂಕ.

ಮೊದಲು ಅಗ್ಗದ ದಾರಿ ಹುಡುಕಿ, ಆಮೇಲೆ ಅದರ ದುಬಾರಿ ರಸ್ತೆಗೆ ಕೂಪನ್ ಹಾಕುವ ಉಪಾಯ ನಡೆಯಲಿಲ್ಲ. 10 + 10ರ ದಾರಿಗೆ 20, 2 + 20ರ ದಾರಿಗೆ 22. ಒಂದು ಕೂಪನ್ ಸಿಕ್ಕರೆ ಮೊದಲನೆಯದು 15ಕ್ಕೆ ಇಳಿಯುತ್ತದೆ, ಎರಡನೆಯದು 12ಕ್ಕೇ ಮುಗಿಯುತ್ತದೆ.

ಹಾಗಾಗಿ ಈಗ ನೋಡ್ (ಹುಡುಕಾಟದ ಒಂದೊಂದು ಬಿಂದು) ಅಂದರೆ ಬರೀ ಊರಲ್ಲ. ಊರು ಮತ್ತು ಅಲ್ಲಿಗೆ ಬರುವಷ್ಟರಲ್ಲಿ ಖರ್ಚಾದ ಕೂಪನ್, ಎರಡೂ ಸೇರಿದ ಜೋಡಿ. ಊರಿಗೊಂದೇ ಕನಿಷ್ಠ ಬೆಲೆ ಇಟ್ಟುಕೊಂಡರೆ ಏನಾಗುತ್ತದೆ ನೋಡಿ: ಒಂದರ ಹಿಂದೆ ಒಂದು 10 ಮತ್ತು 20ರ ರಸ್ತೆ, ಒಂದು ಕೂಪನ್. ನಡುವಿನ ಊರಿಗೆ ಕೂಪನ್ ಬಳಸಿ ಬಂದರೆ 5, ಉಳಿಸಿಕೊಂಡು ಬಂದರೆ 10. 5 ಕಡಿಮೆಯೆಂದು 10ನ್ನು ಅಳಿಸಿದರೆ ಉತ್ತರ 25 ಬರುತ್ತದೆ, ಸರಿಯಾದದ್ದು 20.

1000 ಊರು, 500 ಕೂಪನ್ ಇದ್ದರೆ ಒಟ್ಟು 5,01,000 ಜೋಡಿ. 64 ಬಿಟ್ ಪೂರ್ಣಾಂಕದಲ್ಲಿ ಸುಮಾರು 4 ಎಂಬಿ, ಭಾರವೇನಲ್ಲ. ಎರಡು ಆಯಾಮದ ಅರೇ (ಅಡ್ಡ-ಉದ್ದ ಸಾಲುಗಳ ಪಟ್ಟಿ) ಬಿಟ್ಟು ಒಂದೇ ಸಾಲಿನಲ್ಲಿ ಇಟ್ಟಿದ್ದೇವೆ: ಊರಿನ ಸಂಖ್ಯೆ × 501 + ಬಳಸಿದ ಕೂಪನ್.

ಈ ಕೆಲಸದಲ್ಲಿ ಅತ್ಯಂತ ಚೆಂದದ ಭಾಗ ಮುಂದಿನದು. ಹೀಪ್‌ನಿಂದ (ಅತಿ ಕಡಿಮೆ ಬೆಲೆಯದನ್ನೇ ಮೊದಲು ಕೊಡುವ ರಾಶಿ) ಬೆಲೆಗಳು ಏರಿಕೆಯ ಕ್ರಮದಲ್ಲೇ ಹೊರಬರುತ್ತವೆ. ಆದ್ದರಿಂದ ಒಂದು ಊರು ಎರಡನೇ ಸಲ ಹೊರಬಂದಾಗ ಅದು ಅಗ್ಗವಂತೂ ಆಗಿರಲಾರದು. ಹಿಂದಿಗಿಂತ ಕಡಿಮೆ ಕೂಪನ್ ಬಳಸಿದ್ದರೆ ಮಾತ್ರ ಉಪಯೋಗ, ಇಲ್ಲದಿದ್ದರೆ ಅಲ್ಲೇ ಬಿಡಬಹುದು. ಇದಕ್ಕೆ ಊರಿಗೊಂದು ಸಂಖ್ಯೆ ಸಾಕು: ಅಲ್ಲಿಗೆ ಈವರೆಗೆ ಬಳಸಿದ ಅತಿ ಕಡಿಮೆ ಕೂಪನ್. ಗುರಿಯ ಊರು ಮೊದಲ ಸಲ ಹೊರಬಂದ ಕೂಡಲೇ ಅದೇ ಉತ್ತರ. ಊರುಗಳಿಗಿಂತ ಒಂದು ಕಡಿಮೆ ಕೂಪನ್ ಇದ್ದರೆ ಯಾವ ದಾರಿಗೂ ಸಾಕಾಗುತ್ತದೆ, ಹೆಚ್ಚಿನದನ್ನು ಮೊದಲೇ ಕತ್ತರಿಸಿ.

ಅರ್ಧ ಮಾಡುವುದು ರಸ್ತೆ ರಸ್ತೆಗೇ ಆಗಬೇಕು: 7 ಮತ್ತು 5 ಇದ್ದರೆ 3 + 2 = 5; ಒಟ್ಟು 12ನ್ನು ಅರ್ಧ ಮಾಡಿದರೆ 6 ಬಂದುಬಿಡುತ್ತದೆ.

ಬಾಕಿ ಇರುವುದು ದಾರಿಯನ್ನೂ ತೋರಿಸುವುದು. ಹಿಂದಿನ ಊರನ್ನಷ್ಟೇ ಬರೆದಿಟ್ಟರೆ ಬೇರೆ ಬೇರೆ ಕೂಪನ್ ಲೆಕ್ಕದ ದಾರಿಗಳು ಬೆರೆತುಹೋಗುತ್ತವೆ; ಹಿಂದಿನ ಜೋಡಿಯನ್ನೇ ಇಡಬೇಕು. ಅದಾದ ಮೇಲೆ ಅರ್ಧದ ಬದಲು 10 ರೂಪಾಯಿ ಕಡಿತದ ಕೂಪನ್. ಅಲ್ಲಿ 6 ರೂಪಾಯಿಯ ಟೋಲ್ ಸೊನ್ನೆಗಿಂತ ಕೆಳಗಿಳಿಯದಂತೆ ತಡೆಯಲೇಬೇಕು, ಋಣ ಬೆಲೆ ಬಂದರೆ ಡೈಕ್‌ಸ್ಟ್ರಾ ಕೊಡುವ ಉತ್ತರವನ್ನು ನಂಬುವಂತಿಲ್ಲ.