ಅದು ಟಾರಿಗೆ ಬರೆದಿದ್ದು

‘ಟೈರಿಗೆ ಗಾಳಿ ಎಷ್ಟಿಟ್ಟಿದೀರಾ ಸಾರ್?’

‘ಮೂವತ್ತಾರು. ಡೋರ್ ಹತ್ರ ಬರೆದಿದಾರಲ್ಲ, ಅಷ್ಟೇ.’

‘ಅದು ಟಾರಿಗೆ ಬರೆದಿದ್ದು ಸಾರ್.’

ಮೊನ್ನೆ ಮೂಡಿಗೆರೆ ಕಡೆ, ಕಾಫಿ ತೋಟದ ಏರಿನಲ್ಲಿ ಹೂತು ನಿಂತ ಹೊಸ ಗಾಡಿಯ ಪಕ್ಕ ನಡೆದ ಮಾತು. ಎಸ್ಟೇಟ್ ಜೀಪಿನ ಡ್ರೈವರ್ ನಾಲ್ಕೂ ವಾಲ್ವಿನ ಕ್ಯಾಪು ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡ. ಗಾಳಿಯನ್ನು 20 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸಿ, ಚಕ್ರದ ಮುಂದಿನ ಕೆಸರು ಗೋರಿಸಿದ. ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ರೇಂಜ್, ಎರಡನೇ ಗೇರು. ಗಾಡಿ ಎದ್ದು ಬಂತು.

‘ಅದು ಟಾರಿಗೆ ಬರೆದಿದ್ದು.’ ವಾರವಿಡೀ ಈ ಮಾತು ಕಿವಿಯಲ್ಲೇ ಇದೆ. ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚು ಬೆಳೆಯುವುದು ನೆಲಕ್ಕೆ ತಾಗುವ ಉದ್ದ; ಹಿಡಿತ ಬರುವುದು ಅಲ್ಲಿಂದ. ಕೆಸರು, ಕಲ್ಲುದಾರಿಗೆ 20ರ ಆಸುಪಾಸು, ಮರಳಿಗೆ 15ರಿಂದ 18. ಇನ್ನೂ ಇಳಿಸಿ ಜೋರಾಗಿ ತಿರುಗಿಸಿದರೆ ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ ಬಿಟ್ಟು ಕಳಚುತ್ತದೆ. ಇಳಿಸಿದಾಗ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಭಾಗ, ಹೊರಗೆ ಉಬ್ಬಿರುತ್ತದೆ, ಚೂಪು ಕಲ್ಲಿಗೆ ಒರೆಸಿಕೊಂಡು ಹೋಗಬಾರದು. ಅಲ್ಲಿ ಸೀಳಿದರೆ ಪಂಕ್ಚರ್ ಬತ್ತಿ ನಿಲ್ಲುವುದಿಲ್ಲ, ಸ್ಟೆಪ್ನಿಯೇ ಗತಿ. ಅದೂ ಉಳಿದ ನಾಲ್ಕರ ಸೈಜಿನದೇ ಇರಬೇಕು.

ಗಾಡಿಯ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು, ಕೆಸರಿಗೆಂದೇ ಮಾಡಿದ ದುಬಾರಿ ಮಡ್ ಟೆರೇನ್ ಟೈರ್ ಹಾಕಿ ಗಾಳಿಯ ಮಾತನ್ನೇ ಎತ್ತದ ಅಂಗಡಿಯವರ ಮೇಲೆ. ವಾರವೆಲ್ಲ ಟಾರಿನಲ್ಲಿ ಓಡಿ ತಿಂಗಳಿಗೊಮ್ಮೆ ತೋಟ ಹತ್ತುವವರಿಗೆ ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಸಾಕು. ಮಡ್ ಟೈರಿನ ಗುಬುಟುಗಳ ನಡುವೆ ಸಂದು ದೊಡ್ಡದು. ಕೆಸರನ್ನು ಎಸೆದು ಹಲ್ಲು ಚೊಕ್ಕ ಮಾಡಿಕೊಳ್ಳಲು ಅದು ಬೇಕು. ಆದರೆ ಒದ್ದೆ ಟಾರಿನಲ್ಲಿ ನೆಲ ಮುಟ್ಟುವ ರಬ್ಬರೇ ಕಡಿಮೆ, ಬ್ರೇಕ್ ಹಾಕಿದರೆ ಗಾಡಿ ತಡವಾಗಿ ನಿಲ್ಲುತ್ತದೆ. ಘಾಟಿಯ ಮಳೆಯಲ್ಲಿ ಇದು ಸಣ್ಣ ಮಾತಲ್ಲ. ಎಸ್ಟೇಟಿನ ಆ ಹಳೇ ಜೀಪಿಗಿದ್ದದ್ದು ಸಪೂರ ಟೈರ್, ಹಿಂದಿನ ಚಕ್ರಕ್ಕೆ ಸುತ್ತಿದ ಚೈನು. ಸಪೂರ ಟೈರ್ ಮೇಲಿನ ಕೆಸರು ಸೀಳಿ ಅಡಿಯ ಗಟ್ಟಿ ನೆಲ ಮುಟ್ಟುತ್ತದೆ.

ಟಾರು ಸಿಕ್ಕ ಕೂಡಲೇ ಗಾಳಿ ತುಂಬಬೇಕು. 20ರಲ್ಲೇ ಗಂಟೆಗೆ 80 ಕಿ.ಮೀ. ಓಡಿಸಿದರೆ ಸೈಡ್‌ವಾಲ್ ಮಡಚಿ ಮಡಚಿ ಕಾದು ಒಳಪದರ ಬಿಡುತ್ತದೆ. ದೊಡ್ಡ ಕಂಪ್ರೆಸರ್ ಆದರೆ ನೇರ ಬ್ಯಾಟರಿಗೇ ಕ್ಲಿಪ್ ಹಾಕಿ. ಸಿಗರೇಟ್ ಸಾಕೆಟ್ಟಿಗೆ ಕೊಟ್ಟರೆ ಫ್ಯೂಸ್ ಹಾರುತ್ತದೆ. ಆ ಯಜಮಾನರ ಹತ್ತಿರ ಕಂಪ್ರೆಸರೇ ಇರಲಿಲ್ಲ. ‘ಬಂಕ್ ತನಕ ಸ್ಪೀಡು ಮೂವತ್ತರ ಮೇಲೆ ಹೋಗ್ಬೇಡಿ ಸಾರ್’ ಅನ್ನುತ್ತ ಡ್ರೈವರ್ ಜೇಬಿನಿಂದ ಕ್ಯಾಪುಗಳನ್ನು ತೆಗೆದು, ಅಂಗಿಗೆ ಒರೆಸಿ, ಒಂದೊಂದಾಗಿ ತಿರುಗಿಸಿ ಹಾಕಿದ.